ಕಾಲು ಸುಮ್ಮನಿರಲ್ಲ, ಈಗ ಮಾತ್ರೆಯೂ ಕೈಕೊಟ್ಟಿದೆ. ಮಾತ್ರೆ ಬಿಟ್ಟವರು ಯಾರಾದರೂ ಇದ್ದೀರಾ?

ಬಳ್ಳಾರಿ ಟೈಲರ್:
ನಮಸ್ಕಾರ. ನನಗೆ 51 ವರ್ಷ, ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕೆಲಸ. ಏಳು ವರ್ಷದಿಂದ ಕಾಲಿನ ಕಾಟ ಇದೆ. ನೋವಲ್ಲ, ಜೋಮೂ ಅಲ್ಲ. ಮೀನಖಂಡದ ಒಳಗೆ ಸೋಡಾ ಗುಳ್ಳೆ ಎದ್ದ ಹಾಗೆ ಆಗುತ್ತೆ, ಕಾಲು ಆಡಿಸಲೇಬೇಕು ಅನ್ನಿಸುತ್ತೆ. ಎದ್ದು ಅಡ್ಡಾಡಿದರೆ ಹೋಗುತ್ತೆ, ಮಲಗಿದ ಕೂಡಲೇ ಮತ್ತೆ ಶುರು. ಮೊದಲು ನರ ದೌರ್ಬಲ್ಯ ಅಂತ ಎರಡು ವರ್ಷ ಬರೀ ಬಿ12 ಸೂಜಿ ಚುಚ್ಚಿಸಿಕೊಂಡೆ. ಆಮೇಲೆ ಒಬ್ಬ ನರರೋಗದ ಡಾಕ್ಟರು ಇದು ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್ ಅಂತ ಹೇಳಿ ಪ್ರಮಿಪೆಕ್ಸೋಲ್ ಅನ್ನೋ ಮಾತ್ರೆ 0.125 ಮಿ.ಗ್ರಾಂ ಬರೆದರು. ಮೊದಲ ರಾತ್ರಿಯೇ ಹೆಣದ ಹಾಗೆ ನಿದ್ದೆ. ದೇವರ ಪ್ರಸಾದ ಅಂದುಕೊಂಡೆ.

ಒಂದು ವರ್ಷ ಆದ ಮೇಲೆ 0.25, ಆಮೇಲೆ 0.5, ಈಗ ಎರಡು ಹೊತ್ತು ಸೇರಿ 0.75. ಮುಂಚೆ ರಾತ್ರಿ ಹತ್ತಕ್ಕೆ ಬರುತ್ತಿದ್ದದ್ದು ಈಗ ಮಧ್ಯಾಹ್ನ ಮೂರಕ್ಕೇ ಬರುತ್ತೆ. ಮೋಟರ್ ಮಷೀನಿನ ಮುಂದೆ ಕೂತಿರುವಾಗ ಕಾಲು ತಾನೇ ಪೆಡಲ್ ಒತ್ತಿಬಿಡುತ್ತೆ, ಹೋದ ವಾರ ಎರಡು ಪ್ಯಾಂಟಿನ ಹೊಲಿಗೆ ಅಡ್ಡಾದಿಡ್ಡಿ ಹೋಯಿತು. ಕೈಗೂ ಬಂದಿದೆ. ಸಿಟ್ಟಿಗೆ ಒಮ್ಮೆಲೇ ಮಾತ್ರೆ ನಿಲ್ಲಿಸಿದೆ. ಎರಡು ರಾತ್ರಿ ಒಂದು ಗಳಿಗೆ ಕಣ್ಣು ಮುಚ್ಚಲಿಲ್ಲ, ಮೈಯೆಲ್ಲಾ ಬೆವರು, ಸುಮ್ನೆ ಅಳು ಬರುತ್ತಿತ್ತು. ಮೂರನೇ ದಿನ ಸೋತು ಮತ್ತೆ ನುಂಗಿದೆ. ಹೆಂಡತಿ ಅಂತೂ "ರಾತ್ರಿಯೆಲ್ಲಾ ಅಡ್ಡಾಡಿ ನಮ್ಮನ್ನೂ ಮಲಗಗೊಡವಲ್ಲಿರಿ" ಅಂತ ಮಾಳಿಗೆ ಮೇಲೆ ಹಾಸಿಗೆ ಹಾಕಿಕೊಂಡಿದ್ದಾಳೆ. ಇದರಿಂದ ಹೊರಗೆ ಬರೋದು ಹೇಗೆ?

ಗಂಗಾವತಿ ಟೀಚರ್:
ಅಣ್ಣ, ನೀವು ಬರೆದದ್ದು ನನ್ನದೇ ಕಥೆ. ಮೊದಲನೇ ಮಾತು, ಒಮ್ಮೆಲೇ ನಿಲ್ಲಿಸಬೇಡಿ. ಎರಡನೇದು, ಇನ್ನು ಜಾಸ್ತಿ ಮಾಡಿಸಿಕೊಳ್ಳಲೂ ಬೇಡಿ. ಹೊತ್ತಿಗೆ ಮುಂಚೆ ಬರೋದು, ಕೂತ ತಕ್ಷಣ ಬರೋದು, ಕೈಗೂ ಹಬ್ಬೋದು, ಇದಕ್ಕೆ ಆಗ್ಮೆಂಟೇಶನ್ ಅಂತಾರೆ. ಮಾತ್ರೆಯೇ ಕಾಯಿಲೆಯನ್ನು ಹಿಗ್ಗಿಸೋದು. ಪ್ರಮಿಪೆಕ್ಸೋಲ್, ರೋಪಿನಿರೋಲ್, ಲೆವೊಡೋಪಾ, ಈ ಡೋಪಮೈನ್ (ಮೆದುಳಿನ ಒಂದು ರಾಸಾಯನಿಕ) ಗುಂಪಿನ ಮಾತ್ರೆಗಳಲ್ಲೆಲ್ಲಾ ಇದು ಆಗುತ್ತೆ. ಡೋಸ್ ಏರಿಸಿದರೆ ನಾಲ್ಕು ದಿನ ಆರಾಮ, ಆಮೇಲೆ ಮತ್ತೆ ಅದೇ ಹಾಡು. ಬೆಂಕಿಗೆ ತುಪ್ಪ ಸುರಿದ ಹಾಗೆ.

ನಾನೂ 0.75ರಲ್ಲೇ ಇದ್ದೆ. ಡಾಕ್ಟರು ಮೊದಲು ಪ್ರೆಗಾಬಲಿನ್ ಅನ್ನೋ ನರದ ಮಾತ್ರೆ ಶುರು ಮಾಡಿಸಿ, ಅದು ಮೈಗೆ ಹಿಡಿದ ಮೇಲೆ ಹದಿನೈದು ದಿನಕ್ಕೆ 0.125ರಂತೆ ಇಳಿಸಿದರು. ಸುಮಾರು ಮೂರು ತಿಂಗಳು ಹಿಡಿಯಿತು. ಸುಳ್ಳು ಯಾಕೆ ಹೇಳಲಿ, ಕೊನೆಯ 0.125 ಬಿಟ್ಟ ಮೇಲೆ ಹತ್ತು ದಿನ ನರಕ. ರಾತ್ರಿಗೆ ಎರಡು ತಾಸು ನಿದ್ದೆ ಆದರೆ ದೊಡ್ಡದು. ಅಡುಗೆಮನೆ ಕಟ್ಟೆ ಮುಂದೆ ನಿಂತು ಮೊರದಲ್ಲಿ ಅಕ್ಕಿ ಕೇರುತ್ತಿದ್ದೆ, ನಿಂತು ಕೈಗೆ ಕೆಲಸ ಕೊಟ್ಟರೆ ಕಾಲು ತೆಪ್ಪಗಿರುತ್ತಿತ್ತು. ವರ್ಷಕ್ಕಾಗುವಷ್ಟು ಅಕ್ಕಿ ಹಸನಾಯಿತು! ಮೂರನೇ ವಾರದಲ್ಲಿ ಒಂದು ದಿನ ಬೆಳಗ್ಗೆ ಐದಕ್ಕೆ ಎಚ್ಚರ ಆದಾಗಲೇ ಗೊತ್ತಾಯಿತು, ರಾತ್ರಿ ಎದ್ದೇ ಇಲ್ಲ ಅಂತ. ನಾನು ಬೇಸಿಗೆ ರಜೆ ನೋಡಿಕೊಂಡು ಕೊನೆಯ ಡೋಸ್ ಬಿಟ್ಟಿದ್ದೆ. ನೀವೂ ಕೆಲಸ ಕಡಿಮೆ ಇರುವ ವಾರ ನೋಡಿ. ಆ ದಿನಗಳಲ್ಲಿ ಗಾಡಿ ಓಡಿಸಬೇಡಿ.

ಫೆರಿಟಿನ್, ಅಂದರೆ ಮೈಯಲ್ಲಿ ಕಬ್ಬಿಣಾಂಶ ಎಷ್ಟು ಕೂಡಿಟ್ಟಿದೆ ಅಂತ ತೋರಿಸುವ ರಕ್ತ ಪರೀಕ್ಷೆ, ನೋಡಿಸಿದ್ದೀರಾ? ನನಗೆ ಹಿಮೋಗ್ಲೋಬಿನ್ 12.4 ಇತ್ತು, ರಕ್ತ ಚೆನ್ನಾಗಿದೆ ಅಂತ ಎಲ್ಲರೂ ಕೈ ತೊಳೆದುಕೊಂಡಿದ್ದರು. ಫೆರಿಟಿನ್ ನೋಡಿದರೆ 18. ಲ್ಯಾಬ್ ಚೀಟಿಯಲ್ಲಿ ಅದಕ್ಕೂ ನಾರ್ಮಲ್ ಅಂತಲೇ ಇತ್ತು. ಆದರೆ ಈ ಕಾಲಿನ ಕಾಯಿಲೆಗೆ 75ರ ಒಳಗಿದ್ದರೆ ಕಬ್ಬಿಣಾಂಶ ಕೊಡಬೇಕು ಅನ್ನುತ್ತಾರೆ. ರಕ್ತದಲ್ಲಿ ಇದ್ದರೂ ಮೆದುಳಿನಲ್ಲಿ ಕೊರತೆ ಇರಬಹುದಂತೆ.

ಸಿರುಗುಪ್ಪ:
ಹಳೆ ಸೀರೆ ಹರಿದು ಮೀನಖಂಡಕ್ಕೆ ಬಿಗಿಯಾಗಿ ಕಟ್ಟಿ ಮಲಗಿ. ನಮ್ಮ ಅವ್ವ ಮೊದಲಿಂದ ಅದನ್ನೇ ಮಾಡುತ್ತಾಳೆ. ಮಾತ್ರೆ ಗೀತ್ರೆ ಎಲ್ಲಾ ಸುಮ್ನೆ.

ರಾಯಚೂರು ನೈಟ್ ಶಿಫ್ಟ್:
ಸೀರೆ ಕಟ್ಟಿದರೆ ಸ್ವಲ್ಪ ಹಾಯ್ ಅನ್ನಿಸೋದು ನಿಜ, ಆದರೆ ಉಬ್ಬಿದ ರಕ್ತನಾಳ ಇದ್ದವರು, ಸಕ್ಕರೆ ಕಾಯಿಲೆಯವರು ಬಿಗಿದು ಕಟ್ಟಬಾರದು. ನಾನು ನೆಲದ ಬಂಡೆಗೆ ನೀರು ಚಿಮುಕಿಸಿ ಬರೀ ಕಾಲು ಚಾಚಿ ಕೂರುತ್ತೇನೆ. ನಮ್ಮ ರಾಯಚೂರಿನ ಬಿಸಿಲಿಗೆ ಅದು ಎರಡು ರೋಗಕ್ಕೆ ಒಂದೇ ಮದ್ದು.

ಟೈಲರ್ ಅಣ್ಣ, ನಾಚಿಕೆ ಬಿಟ್ಟು ಒಂದು ವಿಷಯ ಹೇಳುತ್ತೇನೆ. ಈ ಮಾತ್ರೆಯಲ್ಲಿ ಇದ್ದಾಗ ನಾನು ಮೊಬೈಲಿನಲ್ಲಿ ರಮ್ಮಿ ಹಿಡಿದೆ. ಅಲ್ಲಿಯವರೆಗೆ ಹಬ್ಬಕ್ಕೂ ಎಲೆ ಮುಟ್ಟಿದವನಲ್ಲ. ಹೇಗೂ ನಿದ್ದೆ ಇಲ್ಲ, ನಿಂತುಕೊಂಡೇ ಆಡುತ್ತಿದ್ದೆ. ಮಗಳ ಫೀಸಿಗೆ ಇಟ್ಟ ದುಡ್ಡೂ ಹೋಯಿತು. ಚಟ ಅಂತ ಮನೆಯವರು ಬೈದರು, ನಾನೂ ಹಾಗೇ ಅಂದುಕೊಂಡೆ. ಡಾಕ್ಟರು ಬದಲಾದಾಗ ಅವರು ಕೇಳಿದ ಮೊದಲ ಪ್ರಶ್ನೆಯೇ "ಜೂಜು, ಖರೀದಿ, ತಿನ್ನೋದು ಏನಾದರೂ ಜಾಸ್ತಿ ಆಗಿದೆಯಾ" ಅಂತ. ಈ ಗುಂಪಿನ ಮಾತ್ರೆಗೆ ಅದೂ ಒಂದು ಅಡ್ಡಪರಿಣಾಮ. ಮಾತ್ರೆ ಇಳಿಸುತ್ತಾ ಬಂದ ಹಾಗೆ ಆ ಸೆಳೆತ ತಾನಾಗಿ ಇಳಿಯಿತು. ದುಡ್ಡು ಮಾತ್ರ ವಾಪಸ್ ಬರಲಿಲ್ಲ. ನಿಮ್ಮ ಹೆಂಡತಿಗೆ ಇದನ್ನು ಮೊದಲೇ ಹೇಳಿಡಿ, ಅವರ ಕಣ್ಣಿಗೆ ಬೇಗ ಬೀಳುತ್ತೆ.

ಕೊಪ್ಪಳ ಮೆಡಿಕಲ್:
ನಾನು ಮೆಡಿಕಲ್ ಅಂಗಡಿಯವನು, ಡಾಕ್ಟರಲ್ಲ. ಎರಡು ಮೂರು ಮಾತು. ಟೀಚರಕ್ಕ ಹೇಳಿದ ಪ್ರೆಗಾಬಲಿನ್ ಅನ್ನು ಚೀಟಿ ಇಲ್ಲದೆ ಕೇಳಿಕೊಂಡು ಬರಬೇಡಿ, ನಾನಂತೂ ಕೊಡಲ್ಲ. ಅದರಿಂದ ಮಂಪರು, ತೂಕ, ಕಾಲಿಗೆ ಬಾವು ಬರಬಹುದು. ಕಿಡ್ನಿ ಸರಿ ಇಲ್ಲದವರಿಗೆ ಡೋಸ್ ಕಡಿಮೆ ಮಾಡಬೇಕು. ಕುಡಿದು ತಗೊಂಡರೆ ಉಸಿರಿಗೇ ತೊಂದರೆ. ಅದನ್ನೂ ಒಮ್ಮೆಲೇ ಬಿಡುವ ಹಾಗಿಲ್ಲ. ಆದರೆ ಅಮೆರಿಕದ ನಿದ್ದೆ ಡಾಕ್ಟರುಗಳ ಸಂಘ 2025ರಲ್ಲಿ ತಂದ ಹೊಸ ಸೂಚನೆಯಲ್ಲೂ ಮೊದಲ ಸಾಲಿನಲ್ಲಿ ಗಾಬಾಪೆಂಟಿನ್, ಪ್ರೆಗಾಬಲಿನ್, ಕಬ್ಬಿಣಾಂಶ ಇವೆ. ಪ್ರಮಿಪೆಕ್ಸೋಲನ್ನು ಮಾಮೂಲಿಯಾಗಿ ಕೊಡಬೇಡಿ ಅಂದಿದ್ದಾರೆ. ನಿಮ್ಮ ಡಾಕ್ಟರಿಗೆ ಜಗಳ ಆಡದೆ ಇದನ್ನೇ ಕೇಳಿ ನೋಡಿ.

ಇನ್ನೊಂದು, ನೆಗಡಿ ಮಾತ್ರೆ. ಕ್ಲೋರ್‌ಫೆನಿರಮೈನ್ ಇರುವ ನೆಗಡಿ ಮಾತ್ರೆ, ತುರಿಕೆಗೆ ಕೊಡುವ ನಿದ್ದೆ ಬರಿಸುವ ಮಾತ್ರೆ, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಇವೆಲ್ಲಾ ಕಾಲನ್ನು ಕೆರಳಿಸುತ್ತವೆ. ಖಿನ್ನತೆಗೆ ಕೊಡುವ ಕೆಲವೂ ಅಷ್ಟೇ, ಆದರೆ ಅವನ್ನು ನೀವಾಗಿ ಬಿಡಬೇಡಿ. ಜನ ನಿದ್ದೆ ಬರಲಿ ಅಂತ ನೆಗಡಿ ಮಾತ್ರೆ ನುಂಗುತ್ತಾರೆ, ಆಮೇಲೆ ಬೆಳತನಕ ಮಂಚ ಒದೆಯುತ್ತಾರೆ.

ಫೆರಿಟಿನ್‌ಗೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಿ. ಜ್ವರ ಇದ್ದಾಗ ಬೇಡ, ಸುಳ್ಳೇ ಜಾಸ್ತಿ ತೋರಿಸುತ್ತೆ. ನೋಡಿಸದೆ ಕಬ್ಬಿಣದ ಮಾತ್ರೆ ತಿನ್ನಬೇಡಿ.

ಬಳ್ಳಾರಿ ಟೈಲರ್:
ಎಲ್ಲರಿಗೂ ಕೈ ಮುಗಿದೆ. ಫೆರಿಟಿನ್ 31 ಬಂತು. ಡಾಕ್ಟರು ಮೊದಲು ಮುಖ ಗಂಟು ಹಾಕಿದರು, ಆಮೇಲೆ ಚೀಟಿ ನೋಡಿ ಸರಿ ಇಳಿಸೋಣ ಅಂದರು. ಕಬ್ಬಿಣದ ಮಾತ್ರೆ ದಿನ ಬಿಟ್ಟು ದಿನ ನಿಂಬೆ ಪಾನಕದ ಜೊತೆ, ಚಹಾ ಎರಡು ತಾಸು ಆಮೇಲೆ. ತಿಂಗಳುಗಳೇ ಹಿಡಿಯಬಹುದಂತೆ. ರಾತ್ರಿಗೆ ಹೊಸ ಮಾತ್ರೆ ಶುರುವಾಗಿದೆ, ಪ್ರಮಿಪೆಕ್ಸೋಲ್ ಮುಂದಿನ ಸೋಮವಾರದಿಂದ ಒಂದು ಮೆಟ್ಟಿಲು ಕೆಳಗೆ. ರಮ್ಮಿ ವಿಷಯ ಹೆಂಡತಿಗೆ ಓದಿ ಹೇಳಿದೆ, "ಹಂಗಾದ್ರ ನಿಮಗ ಮಿರ್ಚಿ ಚಟ ಬಂದದ್ದೂ ಅದರಿಂದೇನು?" ಅಂದಳು. ಅದು ಬಳ್ಳಾರಿಯದು ಬಿಡು ಅಂದೆ.

ಒಂದು ಸಣ್ಣ ಪ್ರಶ್ನೆ. ಸೋಮವಾರದ ನಂತರ ಮಗನ ಮನೆಗೆ ಬೆಂಗಳೂರಿಗೆ ಹೋಗೋದಿದೆ, ಹಂಪಿ ಎಕ್ಸ್‌ಪ್ರೆಸ್. ಮೇಲಿನ ಬರ್ತ್ ಸಿಕ್ಕಿದೆ. ಏನು ಮಾಡಲಿ?

ಗಂಗಾವತಿ ಟೀಚರ್:
ಯಾರನ್ನಾದರೂ ಕೇಳಿ ಸೈಡ್ ಲೋವರ್‌ಗೆ ಬದಲಿಸಿಕೊಳ್ಳಿ ಅಣ್ಣ. ಮೇಲಿನ ಬರ್ತ್ ಅಂದರೆ ಯಾರಿಗಾದರೂ ಖುಷಿಯೇ. ನಿಮಗೆ ಓಡಾಡೋಕೆ ಪಕ್ಕದಲ್ಲೇ ದಾರಿ, ಯಾರ ತಲೆಗೂ ಕಾಲು ತಾಗಲ್ಲ. ಬಾಗಿಲ ಹತ್ತಿರ ಮಾತ್ರ ನಿಲ್ಲಬೇಡಿ, ನಿದ್ದೆಗಣ್ಣು.