ಬ್ಲೂ ಟೈಗರ್, ಡಾರ್ಕ್ ಬ್ಲೂ ಟೈಗರ್, ಕ್ರೋ: ಈ ಚಿಟ್ಟೆಗಳನ್ನು ಫೋಟೋ ನೋಡಿ ಬೇರ್ಪಡಿಸೋದು ಹೇಗೆ? ಅನುಭವ ಇದ್ದವರು ಹೇಳಿ

ಕೆರೆ ಏರಿ (ಪ್ರಶ್ನೆ)
ಅಕ್ಟೋಬರ್‌ನಲ್ಲಿ ಬೆಂಗಳೂರಿನ ಹೊರಗೆ, ಕ್ರೊಟಲೇರಿಯಾ ಗಿಡಗಳಿಗೆ ಮುತ್ತಿದ್ದ ಚಿಟ್ಟೆಗಳ ಸುಮಾರು ಮುನ್ನೂರು ಫೋಟೋ ಇವೆ. ಹೆಚ್ಚಿನವು ರೆಕ್ಕೆ ಮುಚ್ಚಿ ಕೂತಿರೋವು. ಲೆನ್ಸ್ 70-300 ಎಂ.ಎಂ. ಜೂಮ್. ಎರಡು ಟೈಗರ್, ಕಾಮನ್ ಕ್ರೋ, ಡಬಲ್-ಬ್ರಾಂಡೆಡ್ ಕ್ರೋ ಇವನ್ನು ವಿಂಗಡಿಸಬೇಕು. ಇದಕ್ಕೆ ಮ್ಯಾಕ್ರೋ ಲೆನ್ಸ್ (ತೀರಾ ಹತ್ತಿರದಿಂದ ತೆಗೆಯೋದು) ತಗೊಳ್ಳಲೇಬೇಕಾ?

ಕೊಡಚಾದ್ರಿ ತಪ್ಪಲು
ಟೈಗರ್ ವಿಷಯದಲ್ಲಿ ಬಣ್ಣ ನಂಬಬೇಡಿ. ಬಣ್ಣ ನಂಬಿ ಹೆಸರು ಕೊಟ್ಟ ಎರಡು ವರ್ಷದ ಫೋಲ್ಡರ್‌ಗಳನ್ನು ಪೂರ್ತಿ ಮತ್ತೆ ತೆರೆಯಬೇಕಾಯಿತು. ಡಾರ್ಕ್ ಬ್ಲೂ ಹೆಚ್ಚು ನೀಲಿ ಅನ್ನೋದು ನಿಜ. ಆದರೆ ಮೋಡದ ಬೆಳಕಲ್ಲಿ ಕ್ಯಾಮೆರಾದ ಆಟೋ ವೈಟ್ ಬ್ಯಾಲೆನ್ಸ್ ಬ್ಲೂ ಟೈಗರನ್ನೂ ನೀಲಿ ಮಾಡುತ್ತೆ. ವಲಸೆ ಬಂದ ಚಿಟ್ಟೆಯ ಹುಡಿ ಉದುರಿದ್ದರೆ ಡಾರ್ಕ್ ಬ್ಲೂ ಕೂಡ ಮಾಸಲು ಕಾಣುತ್ತೆ. ನೋಡಬೇಕಾದ್ದು ಗೀರಿನ ಅಗಲ. ಹಿಂದಿನ ರೆಕ್ಕೆಯ ಬುಡದಿಂದ ಹೊರಡೋ ತಿಳಿ ಗೀರುಗಳನ್ನು ನೂರು ಪರ್ಸೆಂಟ್‌ಗೆ ದೊಡ್ಡದು ಮಾಡಿ, ನಡುವಿನ ಕಪ್ಪಿನ ಜೊತೆ ಹೋಲಿಸಿ. ಬ್ಲೂ ಟೈಗರಿನಲ್ಲಿ ಗೀರು, ಚುಕ್ಕೆ ದಪ್ಪ. ಡಾರ್ಕ್ ಬ್ಲೂನಲ್ಲಿ ಅವು ಸಣಕಲು, ಕಪ್ಪಿನದೇ ಮೇಲುಗೈ. ಒಂದೇ ದಿನ, ಒಂದೇ ಬೆಳಕಲ್ಲಿ ತೆಗೆದವನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಹೊತ್ತು ಹಿಡಿಯಲ್ಲ.

ಹಿಂದಿನ ರೆಕ್ಕೆಯ ಕೆಳಮೈಯಲ್ಲಿ ಉಬ್ಬಿದ ಚೀಲ ಕಂಡರೆ ಅದು ಗಂಡು ಅಂತ ಮಾತ್ರ ಅರ್ಥ. ಎರಡರಲ್ಲೂ ಇದೆ. ಅದನ್ನೇ ಡಾರ್ಕ್ ಬ್ಲೂ ಗುರುತು ಅಂದುಕೊಂಡು ಎಡವಿದವರು ಬಹಳ ಜನ.

ಬಂಡೀಪುರ ದಾರಿ
ಕ್ರೋ ಬಗ್ಗೆ ಯಾರೂ ಬಾಯಿ ಬಿಡ್ತಿಲ್ಲ, ಕಷ್ಟ ಇರೋದೇ ಅಲ್ಲಿ. ಗಂಡಿನ ಗುರುತು ಮುಂದಿನ ರೆಕ್ಕೆಯ ಮೇಲ್ಮೈಯಲ್ಲಿ, ಕೆಳ ಅಂಚಿನ ಹತ್ತಿರ. ಕಾಮನ್ ಕ್ರೋಗೆ ಒಂದು ಗಿಡ್ಡ ಬ್ರಾಂಡ್ (ವಾಸನೆಯ ಹುಡಿ ಇರೋ ಗೆರೆ), ಡಬಲ್-ಬ್ರಾಂಡೆಡ್‌ಗೆ ಒಂದರ ಪಕ್ಕ ಒಂದು ಎರಡು. ರೆಕ್ಕೆ ಮುಚ್ಚಿದರೆ ಎರಡೂ ಒಳಗೆ. ಕ್ರೊಟಲೇರಿಯಾಕ್ಕೆ ಬರೋದು ಮುಖ್ಯವಾಗಿ ಗಂಡುಗಳೇ, ಹೆಣ್ಣನ್ನು ಒಲಿಸೋ ವಾಸನೆಗೆ ಬೇಕಾದ ಆಲ್ಕಲಾಯ್ಡ್ ಅನ್ನೋ ಗಿಡದ ರಾಸಾಯನಿಕ ಹೀರೋಕೆ. ಅಂದರೆ ಬ್ರಾಂಡ್ ಇದೆ, ನಿಮಗೆ ಕಾಣ್ತಿಲ್ಲ ಅಷ್ಟೇ. ಜಾಗ ಬದಲಿಸುವಾಗ ಪಟಪಟ ಬಡಿಯುತ್ತೆ, ಆಗ ಹಿಡೀಬೇಕು: 1/1600 ಸೆಕೆಂಡ್, ಎಫ್/8, ಬರ್ಸ್ಟ್ ಮೋಡ್, ಬೆಳಕು ನಿಮ್ಮ ಬೆನ್ನ ಹಿಂದೆ. ಇಪ್ಪತ್ತು ಹೊಡೆದರೆ ಒಂದರಲ್ಲಿ ರೆಕ್ಕೆ ಪೂರ್ತಿ ತೆರೆದಿರುತ್ತೆ.

ಮ್ಯಾಕ್ರೋ ಬೇಡ. ನಾನು ತಗೊಂಡ ಸೆಕೆಂಡ್‌ಹ್ಯಾಂಡ್ 90 ಎಂ.ಎಂ.ಗೆ 24,000 ರೂಪಾಯಿ, ಒಳಗೆ ಫಂಗಸ್ ಬಂದು ಕ್ಲೀನಿಂಗಿಗೆ 3,500, ಫಿಲ್ಟರು, ಬ್ಯಾಗು ಅಂತ ಇನ್ನೊಂದು 2,800. ಒಟ್ಟು 30,300. ಕ್ರೋ ಹತ್ತಿರ ಒಂದಡಿಗೆ ಹೋದರೆ ಅದು ಕೂತಿರುತ್ತಾ?

ಹುಲ್ಲು ನೀಲಿ
ಬಂಡೀಪುರ ದಾರಿಯವರೇ, ನಿಮ್ಮ ಲೆನ್ಸಿನ ಫಂಗಸ್ಸಿಗೆ ಮ್ಯಾಕ್ರೋ ಜಾತಿಯನ್ನೇ ಬೈಬೇಡಿ. ಗ್ರಾಸ್ ಬ್ಲೂ ಅನ್ನೋ ಪುಟ್ಟ ಚಿಟ್ಟೆಗಳನ್ನು ನೋಡುವವರಿಗೆ ಅದೇ ಜೀವಾಳ. ಮುಂದಿನ ರೆಕ್ಕೆಯ ಕೆಳಮೈಯಲ್ಲಿ ಸೆಲ್ (ರೆಕ್ಕೆಯ ಬುಡದಿಂದ ನಡುವಿನವರೆಗೆ ನರಗಳ ನಡುವಿನ ಜಾಗ) ಒಳಗೆ ಚುಕ್ಕೆ ಇದ್ದರೆ ಪೇಲ್ ಅಥವಾ ಡಾರ್ಕ್ ಗ್ರಾಸ್ ಬ್ಲೂ. ಇಲ್ಲದಿದ್ದರೆ ಲೆಸ್ಸರ್. ಮೇಲಂಚಿನಲ್ಲಿ ಪುಟ್ಟ ಚುಕ್ಕೆ ಇದ್ದರೆ ಟೈನಿ. ಪೇಲ್‌ನ ಕಣ್ಣಿನ ಮೇಲೆ ರೋಮ ಇರುತ್ತೆ. ಅದನ್ನು 300 ಎಂ.ಎಂ.ನಲ್ಲಿ ತೋರಿಸಿ ನೋಡೋಣ.

ಬಂಡೀಪುರ ದಾರಿ
ಲೆಕ್ಕ ಹಾಕಿ ಮಾತಾಡಿ. ಟೆಲಿ ಲೆನ್ಸ್ ಸೆನ್ಸರ್ ಮೇಲೆ ನಿಜ ಗಾತ್ರದ ಕಾಲು ಭಾಗದಷ್ಟು ಮೂಡಿಸುತ್ತೆ ಅಂದುಕೊಳ್ಳಿ. 24 ಎಂ.ಎಂ. ಚಿಟ್ಟೆ ಸೆನ್ಸರ್ ಮೇಲೆ 6 ಎಂ.ಎಂ. ಆಗುತ್ತೆ. ಕ್ರಾಪ್ ಸೆನ್ಸರ್ ಅಗಲ 24 ಎಂ.ಎಂ.ಗೆ 6000 ಪಿಕ್ಸೆಲ್ ಇದ್ದರೆ ಚಿಟ್ಟೆಗೆ 1500 ಸಿಗುತ್ತೆ. ಚುಕ್ಕೆ ಎಣಿಸೋಕೆ ಸಾಲದಾ?

ಹುಲ್ಲು ನೀಲಿ
1500 ಪಿಕ್ಸೆಲ್ ಇದ್ದರೂ ಮಬ್ಬಾಗಿದ್ದರೆ ಏನು ಪ್ರಯೋಜನ? ಕಿಟ್ ಜೂಮ್ 300ರಲ್ಲಿ ಅಪರ್ಚರ್ ಪೂರ್ತಿ ತೆರೆದಾಗ ಅಂಚು ಕರಗುತ್ತೆ, ಮಧ್ಯಾಹ್ನ ನೆಲದ ಬಿಸಿಗಾಳಿ ಬೇರೆ. ಎಫ್/9ಕ್ಕೆ ಇಳಿಸಿ, ರೆಕ್ಕೆ ಸೆನ್ಸರಿಗೆ ಸಮಾನಾಂತರ ಬರೋ ಹಾಗೆ ಮಂಡಿಯೂರಿ ಕೂರಿ, ಆಮೇಲೆ ಲೆಕ್ಕ ಹೇಳಿ.

ಧಾರವಾಡ ಮಾಳ
ಇಬ್ಬರೂ ಲೆನ್ಸ್ ಹಿಡಕೊಂಡು ಕುಂತೀರಿ, ಪಾಪ ಅವರು ಕೇಳಿದ್ದು ಏನು! ನಾ ಗ್ರಾಸ್ ಯೆಲ್ಲೋ ಅನ್ನೂ ಹಳದಿ ಚಿಟ್ಟಿದಾಗ ಸೋತು ಕಲತದ್ದು ಹೇಳ್ತೀನ್ರಿ. ಮುಂದಿನ ರೆಕ್ಕಿ ಕೆಳಮೈ ಸೆಲ್‌ನ್ಯಾಗ ಒಂದು ಚುಕ್ಕಿ ಇದ್ದರ ಒನ್-ಸ್ಪಾಟ್, ಎರಡು ಇದ್ದರ ಕಾಮನ್, ಮೂರು ಇದ್ದರ ಥ್ರೀ-ಸ್ಪಾಟ್. ಬಾಯಿಪಾಠ ಎಲ್ಲಾರಿಗೂ ಬರತದ. ಆದರ ಚಿಟ್ಟಿ ಕುಂತು ಎರಡು ಉಸಿರು ತಗೊಳ್ಳೂದ್ರಾಗ ಮುಂದಿನ ರೆಕ್ಕಿ ಹಿಂದಿನದರ ಹಿಂದ ಜಾರತದ, ಮೂರನೇ ಚುಕ್ಕಿ ಮುಚ್ಚಿ ಹೋಗತದ. ಥ್ರೀ-ಸ್ಪಾಟ್ ಕಾಮನ್ ಆಗಿ ಬಿಡತದ. ಅದಕ್ಕ ಕುಂತ ಕೂಡಲೆ ಮೊದಲ ಫೋಟೋ ಹೊಡೀಬೇಕು. ಹಸಿ ಮಣ್ಣಿನ ಮ್ಯಾಲೆ ನೀರು ಹೀರೂ ಮುಂದ ರೆಕ್ಕಿ ಎತ್ತಿ ನಿಲ್ಲತಾವ, ಅಲ್ಲಿ ಇನ್ನೂ ಚಲೋ.

ಬ್ಯಾಸಗಿ ರೂಪದಾಗ ಕಂದು ಕಲಿ ಬರತಾವ, ಅವನ್ನ ಚುಕ್ಕಿ ಅಂತ ಎಣಿಸಬ್ಯಾಡ್ರಿ. ಬುಶ್‌ಬ್ರೌನ್ ಅನ್ನೂ ಕಂದು ಚಿಟ್ಟಿದಾಗಂತೂ ಬ್ಯಾಸಗ್ಯಾಗ ಕಣ್ಣುಚುಕ್ಕಿ ಬರೇ ಬಿಂದು ಆಗಿ ಉಳೀತಾವ. ತಾರೀಖು ಬರದು ಇಡ್ರಿ.

ಸೀತಾನದಿ
ಚಿಟ್ಟೆ ಗುರುತಿಸೋ ಆ್ಯಪ್‌ಗೆ ಹಾಕಿದರೆ ಹೆಸರು ಬರುತ್ತಲ್ಲ ಅನ್ನೋರಿಗೆ ಒಂದು ಪರೀಕ್ಷೆ. ಕ್ರೋ ಅನ್ನಿಸಿದ ಪ್ರತಿ ಫೋಟೋದಲ್ಲಿ ಕಾಲು ಎಣಿಸಿ. ಕ್ರೋ, ಟೈಗರ್ ಎರಡೂ ನಾಲ್ಕೇ ಕಾಲಲ್ಲಿ ನಿಲ್ಲುತ್ತವೆ, ಮುಂದಿನ ಜೋಡಿ ಮೋಟಾಗಿ ಎದೆಗೆ ಅಂಟಿರುತ್ತೆ. ಆರು ಕಾಲು ಕಂಡರೆ ಅದು ಕ್ರೋ ವೇಷ ಹಾಕಿದ ಕಾಮನ್ ಮೈಮ್ ಅಥವಾ ಮಲಬಾರ್ ರೇವನ್, ಸ್ವಾಲೋಟೇಲ್ ವಂಶದ್ದು. ಮೈಮ್‌ಗೆ ಹಿಂದಿನ ರೆಕ್ಕೆಯ ಕೆಳ ಅಂಚಿಗೆ ಹಳದಿ ಚುಕ್ಕೆ ಸಾಲು. ಅದರ ಇನ್ನೊಂದು ರೂಪ ಟೈಗರಿನಂತೆಯೇ ಪಟ್ಟೆ ಉಟ್ಟಿರುತ್ತೆ, ಆದ್ದರಿಂದ ಟೈಗರ್ ಫೋಲ್ಡರಲ್ಲೂ ಎಣಿಸಿ.

ಪ್ಲೇನ್ ಟೈಗರ್ ಇದ್ದರೆ ಹಿಂದಿನ ರೆಕ್ಕೆಯ ನಡುವಿನ ಕಪ್ಪು ಚುಕ್ಕೆ ನೋಡಿ: ಹೆಣ್ಣಿಗೆ ಮೂರು, ಗಂಡಿಗೆ ನಾಲ್ಕು. ಮೇಲಂಚಿನ ಹತ್ತಿರ ಒಂದೇ ಇದ್ದರೆ ಅದು ಪ್ಲೇನ್ ಟೈಗರನ್ನು ಹೋಲುವ ಬೇರೆ ಚಿಟ್ಟೆ, ಡನಾಯ್ಡ್ ಎಗ್‌ಫ್ಲೈ ಹೆಣ್ಣು.

ಇನ್ನು, ಸಿಕ್ಕ ಚಿಟ್ಟೆಯನ್ನು ಫ್ರಿಜ್‌ನಲ್ಲಿಟ್ಟು ಫೋಟೋ ತೆಗೆಯೋ ಸಲಹೆ ಯಾರಾದರೂ ಕೊಟ್ಟರೆ ದಯವಿಟ್ಟು ಕೇಳಬೇಡಿ.

ಹುಲ್ಲು ನೀಲಿ
ಐದು ನಿಮಿಷ ತಂಪಲ್ಲಿಟ್ಟರೆ ಸಾಯಲ್ಲ, ಆಮೇಲೆ ಹಾರಿ ಹೋಗುತ್ತೆ. ಗ್ರಾಸ್ ಬ್ಲೂ ಮೇಲ್ಮೈ ಬೇರೆ ಹೇಗೆ ನೋಡ್ತೀರಿ?

ಸೀತಾನದಿ
ಹಾರಿ ಹೋಗುತ್ತೆ, ಆದರೆ ಬೆರಳಿಗೆ ಹುಡಿ ಬಿಟ್ಟು ಹೋಗುತ್ತೆ. ಚುಕ್ಕೆ, ಗೀರು, ಬ್ರಾಂಡ್ ಎಲ್ಲಾ ಆ ಹುಡಿಯೇ ಅಲ್ಲವಾ ಮೇಡಂ? ಗುರುತು ನೋಡೋಕೆ ಗುರುತನ್ನೇ ಉಜ್ಜುತ್ತೀರಿ. ಮೇಲ್ಮೈ ಬೇಕಿದ್ದರೆ ಬೆಳಿಗ್ಗೆ ಬಿಸಿಲು ಬಿದ್ದ ಕೂಡಲೆ ಹೋಗಿ, ತಾವಾಗೇ ರೆಕ್ಕೆ ಬಿಚ್ಚಿ ಮೈ ಕಾಯಿಸಿಕೊಳ್ಳುತ್ತವೆ. ಕೆಲವು ಚಿಟ್ಟೆಗಳಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯೂ ಇದೆ. ಹಿಡಿಯೋ ಮಾತೇ ಬೇಡ.

ಹುಲ್ಲು ನೀಲಿ
ಬೆಳಿಗ್ಗೆಯ ಬಿಸಿಲಿನ ಮಾತು ಒಪ್ಪಿದೆ. ಮ್ಯಾಕ್ರೋ ಮಾತು ಬಿಡಲ್ಲ.

ಧಾರವಾಡ ಮಾಳ
ಎಲ್ಲಾರೂ ಇಂಗ್ಲಿಷ್ ಹೆಸರಾ ಹೇಳಾಕತ್ತೀರಿ. ಕನ್ನಡದಾಗ ಒಂದು ಹೆಸರು ಇಡಾಕ ಆಗೂದಿಲ್ಲೇನ್ರಿ?

ಕೊಡಚಾದ್ರಿ ತಪ್ಪಲು
ಇಡೋಣ, ಆದರೆ ಊರಿಗೊಂದು ಇಟ್ಟರೆ ದಾಖಲೆ ಹೊಂದಲ್ಲ. ಅಲ್ಲಿವರೆಗೆ ವೈಜ್ಞಾನಿಕ ಹೆಸರು ಜೊತೆಗಿರಲಿ. ಈ ಎರಡು ಟೈಗರ್‌ಗಳ ಕುಲದ ಹೆಸರೇ ತಿರುಮಲ. ಬ್ಲೂ ಟೈಗರ್ ತಿರುಮಲ ಲಿಮ್ನಿಯೇಸ್, ಡಾರ್ಕ್ ಬ್ಲೂ ತಿರುಮಲ ಸೆಪ್ಟೆಂಟ್ರಿಯೋನಿಸ್. ನಾಲಿಗೆಗೆ ಅಷ್ಟೇನೂ ದೂರ ಅಲ್ಲ.

ಕೆರೆ ಏರಿ
ಕಾಲು ಎಣಿಸಿದೆ, ಎರಡು ಫೋಟೋದಲ್ಲಿ ಆರು ಇದೆ, ಅಂಚಿಗೆ ಹಳದಿ ಸಾಲೂ ಇದೆ! ರೆಕ್ಕೆ ಮುಚ್ಚಿದ ಕ್ರೋ ಇನ್ನೂ 140 ಉಳಿದಿವೆ. ಏನು ಬರೀಲಿ?

ಬಂಡೀಪುರ ದಾರಿ
ಯುಪ್ಲೋಯಿಯ ಅಂತ ಕುಲದ ಹೆಸರು ಮಾತ್ರ ಬರೆದು ನಿಲ್ಲಿಸಿ. ಆ ಗುಂಪಲ್ಲಿ ಕಿಂಗ್ ಕ್ರೋ ಕೂಡ ಸೇರಿರಬಹುದು. ಮುಂದಿನ ಸಲ ಹೋದಾಗ ಒಂದೇ ಗಿಡದ ಎದುರು ಅರ್ಧ ಗಂಟೆ ಕೂತು, ಬಡಿಯೋ ರೆಕ್ಕೆ ಹಿಡಿಯಿರಿ. ನಿಮ್ಮ 70-300 ಸಾಕು.