ಜಪಾನಿನಲ್ಲಿ ಅಮ್ಮನ ಊಟಕ್ಕೆ ಏನು ದಾರಿ?

ಪ್ರಶ್ನೆ (ಕುಂಜಿಬೆಟ್ಟು, ಉಡುಪಿ)

ಅಕ್ಟೋಬರಿನಲ್ಲಿ ಅಮ್ಮನನ್ನು ಕರೆದುಕೊಂಡು ಹನ್ನೆರಡು ದಿನಕ್ಕೆ ಜಪಾನಿಗೆ ಹೋಗುತ್ತಿದ್ದೇನೆ. ತಮ್ಮ ಟೋಕಿಯೊದಲ್ಲಿದ್ದಾನೆ, ಆದರೆ ಅವನ ಕೋಣೆಯಲ್ಲಿ ಮೂವರಿಗೆ ಜಾಗ ಸಾಲದು. ನಾವು ಹೋಟೆಲಿನಲ್ಲೇ ಇರಬೇಕು. ಅಮ್ಮನಿಗೆ ಅರವತ್ತೆಂಟು. ಮೀನು, ಮೊಟ್ಟೆಯ ಮಾತು ಹಾಗಿರಲಿ, ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟುವವರಲ್ಲ. "ಹಣ್ಣು ತಿಂದುಕೊಂಡು ಇರುತ್ತೇನೆ, ನನ್ನ ಚಿಂತೆ ಬಿಡು" ಎನ್ನುತ್ತಾರೆ. ಮಗನನ್ನು ನೋಡುವ ಆಸೆಗೆ ಹಾಗೆ ಹೇಳುತ್ತಿದ್ದಾರೆಂದು ನನಗೆ ಗೊತ್ತು. ಅವರನ್ನು ಅರೆಹೊಟ್ಟೆಯಲ್ಲಿಟ್ಟು ಊರು ತೋರಿಸಲು ಮನಸ್ಸು ಒಪ್ಪುವುದಿಲ್ಲ. ಚಿಕ್ಕ ರೈಸ್ ಕುಕ್ಕರ್ ಒಯ್ಯಲೇ?

ಉತ್ತರ (ಕದ್ರಿ, ಮಂಗಳೂರು)

ಕುಕ್ಕರ್ ಬೇಡ. ಅಲ್ಲಿ ವಿದ್ಯುತ್ತು 100 ವೋಲ್ಟ್. ನಮ್ಮ 230 ವೋಲ್ಟಿನ ಕುಕ್ಕರಿಗೆ ಐದನೇ ಒಂದು ಪಾಲಿನಷ್ಟೇ ಶಾಖ ಬರುತ್ತದೆ, ಅನ್ನ ಬೇಯುವುದಿಲ್ಲ. ವಿಮಾನದ ಟಿಕೆಟಿನಲ್ಲಿ 'ಹಿಂದೂ ಮೀಲ್' ಎಂದು ಕಂಡರೆ ಅದನ್ನು ಆರಿಸಬೇಡಿ. ಬಹುತೇಕ ಕಡೆ ಅದು ಮಾಂಸದ ಊಟವೇ, ದನದ ಮಾಂಸ ಇರುವುದಿಲ್ಲ ಅಷ್ಟೇ. ನಿಮಗೆ ಬೇಕಾದದ್ದು ಜೈನ್ ಮೀಲ್. ಎರಡು ದಿನ ಮೊದಲೇ ಹೇಳಿಡಿ.

ಉತ್ತರ (ಕಲ್ಯಾಣಪುರ, ಉಡುಪಿ)

2019ರಲ್ಲಿ ನಾನು ಒಂದು ವಾರ ಕ್ಯೋಟೊದಲ್ಲಿದ್ದೆ. ಮೊದಲ ದಿನ ಒಂದು ಹೋಟೆಲಿನಲ್ಲಿ 'ವೆಜಿಟೇರಿಯನ್' ಎಂದೆ. ತೋಫು, ಹಸಿರೆಲೆ ತೇಲುವ ಮಿಸೊ ಸಾರು (ಹುದುಗಿಸಿದ ಸೋಯಾ ಹಾಕಿದ್ದು) ತಂದಿಟ್ಟರು. ಬಟ್ಟಲಿನ ಮುಚ್ಚಳ ತೆಗೆದಾಗ ಹಬೆಯ ಜೊತೆ ಬಂದ ವಾಸನೆ ನನಗೆ ಹೊಸದಾಗಿರಲಿಲ್ಲ: ಮಲ್ಪೆ ಬಂದರಿನ ಬದಿಯಲ್ಲಿ ಬಿಸಿಲಿಗೆ ಹರವಿದ ಒಣಮೀನಿನದು, ಜೊತೆಗೆ ಒಂದಿಷ್ಟು ಹೊಗೆ. ಅದೇ ದಾಶಿ. ಕತ್ಸುವೊ ಮೀನನ್ನು ಬೇಯಿಸಿ, ಹೊಗೆಯಲ್ಲಿ ಒಣಗಿಸಿ, ಕಟ್ಟಿಗೆಯಂತೆ ಗಟ್ಟಿಯಾದ ಮೇಲೆ ತೆಳ್ಳಗೆ ಹೆರೆದು, ಬಿಸಿನೀರಿನಲ್ಲಿಟ್ಟು ಸೋಸಿದ ತಿಳಿ. ನಮ್ಮ ಸಾರಿಗೆ ಬೇಳೆಕಟ್ಟು ಹೇಗೋ ಅವರ ಅಡುಗೆಗೆ ಅದು ಹಾಗೆ. ನೂಡಲ್ಸಿನ ತಿಳಿಯಲ್ಲಿ, ಬೇಯಿಸಿದ ತರಕಾರಿಯಲ್ಲಿ, ಟೆಂಪುರಾ ಎಂಬ ಬಜ್ಜಿ ಅದ್ದುವ ರಸದಲ್ಲಿ, ಎಲ್ಲದರಲ್ಲೂ ಇರುತ್ತದೆ. ಬಡಿಸಿದ ಹುಡುಗಿ ಮೋಸ ಮಾಡಿದ್ದಲ್ಲ. ಮೀನಿನ ತುಂಡು ಕಾಣದಿದ್ದರೆ ಮೀನಿಲ್ಲ ಎಂದೇ ಆಕೆಯ ತಿಳಿವಳಿಕೆ.

ಆದ್ದರಿಂದ ಹೀಗೆ ಹೇಳಿ: "ನಿಕು ಮೊ ಸಕಾನಾ ಮೊ ತಾಬೆಮಾಸೆನ್. ಕತ್ಸುವೊ ದಾಶಿ ಮೊ ದಾಮೆ ದೆಸು." ಮಾಂಸ, ಮೀನು ತಿನ್ನುವುದಿಲ್ಲ, ಕತ್ಸುವೊ ದಾಶಿಯೂ ಆಗದು ಎಂದರ್ಥ. ಈರುಳ್ಳಿ ಬೆಳ್ಳುಳ್ಳಿಯನ್ನೂ ಸೇರಿಸಿ ತಮ್ಮನಿಂದ ಜಪಾನಿ ಲಿಪಿಯಲ್ಲಿ ಒಂದು ಚೀಟಿ ಬರೆಸಿಕೊಳ್ಳಿ.

ಸಾಧ್ಯವಾದರೆ ಒಂದು ರಾತ್ರಿ ಕೋಯಾಸಾನ್‌ನಲ್ಲಿ ಉಳಿಯಿರಿ. ಒಸಾಕಾದಿಂದ ರೈಲು, ಆಮೇಲೆ ಕೇಬಲ್ ಕಾರ್. ಬೌದ್ಧ ಭಿಕ್ಷು ಕೂಕಾಯ್ 816ರಲ್ಲಿ ಸ್ಥಾಪಿಸಿದ ಬೆಟ್ಟದ ಮೇಲಿನ ಕ್ಷೇತ್ರ ಅದು. ಮಠಗಳಲ್ಲೇ ವಸತಿ, ಊಟ 'ಶೋಜಿನ್ ರ್ಯೋರಿ'. ಮಾಂಸ, ಮೀನಿಲ್ಲ, ಸಂಪ್ರದಾಯದಂತೆ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ತಿಳಿ ಮಾಡುವುದು ಕೊಂಬು ಎಂಬ ಕಡಲಪಾಚಿ ಮತ್ತು ಒಣ ಅಣಬೆಯಿಂದ. ಅಣಬೆ ಅಮ್ಮನಿಗೆ ಆಗದಿದ್ದರೆ ಮೊದಲೇ ತಿಳಿಸಿ. ನಮ್ಮ ಮಠದ ಪಂಕ್ತಿಯಲ್ಲಿ ಕುಳಿತು ಉಂಡವರಿಗೆ ಅಲ್ಲಿಯ ಊಟ ಹೊರಗಿನದೆನಿಸುವುದಿಲ್ಲ. ನಾನು ಅಲ್ಲಿ ಉಳಿದ ದಿನ ಹೊಟ್ಟೆ ತುಂಬ ಉಂಡು, ಎಷ್ಟೋ ದಿನಗಳ ನಂತರ ನಿಶ್ಚಿಂತೆಯಿಂದ ಮಲಗಿದೆ.

ಉಳಿದ ದಿನಗಳಿಗೆ ಅಂಗಡಿಯಲ್ಲಿ ಬೇಯಿಸಿದ ಬಿಳಿ ಅನ್ನದ ಪೊಟ್ಟಣ ಸಿಗುತ್ತದೆ, ಬಿಸಿ ಮಾಡಿಸಿಕೊಳ್ಳಿ. ಸಿಹಿ ಮೊಸರಿನ ಪುಟ್ಟ ಕಪ್ಪುಗಳಲ್ಲಿ ಹಲವಕ್ಕೆ ಪ್ರಾಣಿಗಳ ಚರ್ಮ, ಎಲುಬಿನಿಂದ ತೆಗೆದ ಜೆಲಟಿನ್ ಹಾಕಿರುತ್ತಾರೆ. ಸಪ್ಪೆಯ 'ಪುರೇನ್ ಯೋಗುರುತೊ' ಕೇಳಿ. ಊರಿನಿಂದ ಮೆಂತೆ ಹಿಟ್ಟು, ಚಟ್ನಿಪುಡಿ ಒಯ್ದರೆ ಅಮ್ಮನಿಗೆ ಮೊಸರನ್ನದ ಊಟವಾಯಿತು.

ಕುಂಜಿಬೆಟ್ಟು

ಅಮ್ಮನಿಗೆ ಓದಿ ಹೇಳಿದೆ. ಮೊಸರು ಸಿಗುತ್ತದೆ ಎಂದದ್ದೇ, ಮೆಂತೆ ಹಿಟ್ಟಿಗೆ ಕಡಲೆಬೇಳೆ ಅಳೆಯಲು ಹೋದರು. ಹಿತ್ತಿಲಿನ ಕರಿಬೇವು ಒಯ್ಯಬಹುದೇ ಎಂದು ಅಡುಗೆಮನೆಯಿಂದಲೇ ಕೇಳುತ್ತಿದ್ದಾರೆ.

ಕಲ್ಯಾಣಪುರ

ಹಸಿ ಎಲೆ ಬೇಡ, ಅಲ್ಲಿ ತಡೆಯುತ್ತಾರೆ. ಗರಿಗರಿಯಾಗಿ ಹುರಿದು ಚಟ್ನಿಪುಡಿಯ ಜೊತೆ ಅರೆಯಲು ಹೇಳಿ.