ಬ್ರೆಝಾ ಬುಕಿಂಗ್ ರದ್ದು ಮಾಡಬೇಕೇ?

ಗುಂಪು: ಮೇಲಿನಮನೆ ಬಳಗ
ನವೆಂಬರ್ 2025, ಭಾನುವಾರ

ರಮೇಶ ಚಿಕ್ಕಪ್ಪ, ಬೆಳಿಗ್ಗೆ 6:52
(ಹಲವು ಬಾರಿ ಫಾರ್ವರ್ಡ್ ಆಗಿರುವ ಚಿತ್ರ. ಮಾರುತಿ ಕಾರುಗಳ ತಿಂಗಳ ಮಾರಾಟದ ಪಟ್ಟಿ. ಫ್ರಾಂಕ್ಸ್ 21,461, ಪಕ್ಕದಲ್ಲಿ ಹಸಿರು ಬಾಣ. ಬ್ರೆಝಾ 15,392, ಪಕ್ಕದಲ್ಲಿ ಕೆಂಪು ಬಾಣ. ಕೆಳಗೆ ದಪ್ಪ ಅಕ್ಷರಗಳಲ್ಲಿ: ಬ್ರೆಝಾ ಕಾಲ ಮುಗಿಯಿತು, ಬುಕ್ ಮಾಡಿದವರು ಎಚ್ಚರ.)
ಎಲ್ಲರಿಗೂ ಶುಭೋದಯ. ನಮ್ಮ ನಿವೃತ್ತರ ಗುಂಪಿನಲ್ಲಿ ಈಗಷ್ಟೇ ಈ ಪಟ್ಟಿಯನ್ನು ಹಾಕಿದ್ದಾರೆ. ಕಳೆದ ತಿಂಗಳ ಲೆಕ್ಕವಂತೆ. ಶ್ರೀಧರ ಭಾವನವರು ದೀಪಾವಳಿಗೆ ಬ್ರೆಝಾ ಬುಕ್ ಮಾಡಿದ್ದು ನೆನಪಾಗಿ ತಕ್ಷಣ ಇಲ್ಲಿಗೂ ಕಳುಹಿಸಿದ್ದೇನೆ. ಭಾವ, ಮುಂಗಡದ ಹಣ ಹೋದರೂ ಪರವಾಗಿಲ್ಲ, ಇನ್ನೊಮ್ಮೆ ಯೋಚಿಸಿ. ಕಂಪನಿಯೇ ಕೈಬಿಡುವ ಗಾಡಿಯನ್ನು ಕೊಂಡವರು ನಾಳೆ ಬಿಡಿಭಾಗಗಳಿಗಾಗಿ ಅಲೆಯಬೇಕಾಗುತ್ತದೆ, ಮಾರಲು ಹೊರಟರೆ ಬೆಲೆಯೂ ಸಿಗುವುದಿಲ್ಲ.

ಸುಜಾತಾ ಅತ್ತೆ, 7:05
ರಮೇಶ, ಬ್ರೆಝಾ ತೆಗೆದುಕೊಳ್ಳಿ ಎಂದು ಹೇಳಿದವನೇ ನೀನು. ಗೃಹಪ್ರವೇಶದ ದಿನ ಊಟದ ಪಂಕ್ತಿಯಲ್ಲಿ ಕುಳಿತು ನೀನು ಹೇಳಿದ ಮಾತನ್ನು ನಾನೊಬ್ಬಳೇ ಅಲ್ಲ, ಹತ್ತು ಜನ ಕೇಳಿದ್ದಾರೆ. ಈಗ ಹಣ ಕಟ್ಟಿದ ಮೇಲೆ ಬೇಡ ಎನ್ನುತ್ತಿದ್ದೀಯ.

ರಮೇಶ ಚಿಕ್ಕಪ್ಪ, 7:09
ಅಕ್ಕ, ನಾನು ಹೇಳಿದ್ದು ಗ್ರ್ಯಾಂಡ್ ವಿಟಾರಾ. ಬ್ರೆಝಾ ಎಂದು ನಾನು ಹೇಳಿಲ್ಲ.

ವಿನಯ, 7:21
ಚಿಕ್ಕಪ್ಪ, ಈ ಗುಂಪಿನಲ್ಲೇ ಹುಡುಕಿ ನೋಡಿದೆ. ಜೂನ್ ತಿಂಗಳಿನಲ್ಲಿ ನೀವು ಬರೆದಿರುವುದು ಹೀಗಿದೆ: "ಗ್ರ್ಯಾಂಡ್ ವಿಟಾರಾ ಒಳ್ಳೆಯದು, ಆದರೆ ಇಬ್ಬರೇ ಓಡಾಡುವವರಿಗೆ ಬ್ರೆಝಾ ಸಾಕು." ಆದ್ದರಿಂದ ಅತ್ತೆ ಹೇಳಿದ್ದೂ ನಿಜ, ನೀವು ಹೇಳಿದ್ದೂ ನಿಜ.

ಅನಿತಾ, 7:40
ಯಾರು ಏನು ಹೇಳಿದರು ಎಂಬುದನ್ನು ಸ್ವಲ್ಪ ಪಕ್ಕಕ್ಕಿಟ್ಟು ಚಿತ್ರವನ್ನು ಎಲ್ಲರೂ ಒಮ್ಮೆ ಸರಿಯಾಗಿ ನೋಡಿ. ಅದರಲ್ಲಿ ತಿಂಗಳ ಹೆಸರಿಲ್ಲ, ವರ್ಷವಿಲ್ಲ, ಲೆಕ್ಕ ಎಲ್ಲಿಯದು ಎಂಬ ಸೂಚನೆಯೂ ಇಲ್ಲ. ಚಿಕ್ಕಪ್ಪ, ಇದು ಕಳೆದ ತಿಂಗಳದ್ದು ಎಂದು ನಿಮಗೆ ಹೇಳಿದವರು ಯಾರು? ಈ ಸಂಖ್ಯೆಗಳು 2025ರ ಫೆಬ್ರುವರಿಯವು. ಆ ತಿಂಗಳು ಫ್ರಾಂಕ್ಸ್ 21,461 ಕಾರುಗಳೊಂದಿಗೆ ಇಡೀ ದೇಶದಲ್ಲಿ ಮೊದಲ ಸ್ಥಾನಕ್ಕೆ ಬಂದು ಎಲ್ಲ ಕಡೆ ಸುದ್ದಿಯಾಗಿತ್ತು. ಒಂಬತ್ತು ತಿಂಗಳ ಹಿಂದಿನ ಪಟ್ಟಿಗೆ ಯಾರೋ ಹೊಸ ತಲೆಬರಹ ಅಂಟಿಸಿ ಹರಿಯಬಿಟ್ಟಿದ್ದಾರೆ.

ರಮೇಶ ಚಿಕ್ಕಪ್ಪ, 7:46
ಹಳೆಯದೇ ಇರಲಿ, ಕೆಂಪು ಬಾಣ ಸುಳ್ಳಾಗುತ್ತದೆಯೇ? ನಾನು ಬ್ಯಾಂಕಿನಲ್ಲಿ ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಅಂಕಿಗಳ ಜೊತೆಗೇ ಬದುಕಿದವನು. ಇಳಿಯುವ ಖಾತೆಯ ಲಕ್ಷಣ ನನಗೆ ಗೊತ್ತು.

ಅನಿತಾ, 8:03
ಬಾಣ ಸುಳ್ಳಲ್ಲ, ಆದರೆ ಇಳಿದದ್ದು ಎಷ್ಟು ಎಂದು ಅದು ಹೇಳುವುದಿಲ್ಲ. ಹಿಂದಿನ ವರ್ಷದ ಫೆಬ್ರುವರಿಯಲ್ಲಿ ಬ್ರೆಝಾ 15,765 ಹೋಗಿತ್ತು, ಈ ಬಾರಿ 15,392. ವ್ಯತ್ಯಾಸ 373 ಕಾರುಗಳು, ಅಂದರೆ ಶೇಕಡಾ ಎರಡು ಮೂರರಷ್ಟು. ಅದೇ ಅವಧಿಯಲ್ಲಿ ಫ್ರಾಂಕ್ಸ್ ಅರ್ಧಕ್ಕಿಂತ ಹೆಚ್ಚು ಏರಿದ್ದು ಸತ್ಯ. ಆದರೆ ಮುಂದಿನ ತಿಂಗಳು ಏನಾಯಿತು ಎಂಬುದನ್ನು ಈ ಚಿತ್ರ ಮಾಡಿದವರು ಬರೆದಿಲ್ಲ. ಮಾರ್ಚ್‌ನಲ್ಲಿ ಫ್ರಾಂಕ್ಸ್ 13,669ಕ್ಕೆ ಇಳಿಯಿತು, ಬ್ರೆಝಾ 16,546ಕ್ಕೆ ಏರಿ ಮತ್ತೆ ಮುಂದೆ ಬಂತು. 2024-25ರ ಹಣಕಾಸು ವರ್ಷವನ್ನು ಪೂರ್ತಿ ತೆಗೆದುಕೊಂಡರೆ ಬ್ರೆಝಾ 1,89,163, ಫ್ರಾಂಕ್ಸ್ 1,66,216. ಯಾವ ಕಾರಿನ ಕಾಲ ಮುಗಿಯಿತು ಎಂದು ಈ ಚಿತ್ರ ಸಾರುತ್ತಿದೆಯೋ ಅದೇ ಕಾರು ಆ ವರ್ಷ ಮುಂದಿತ್ತು.
ಇನ್ನೊಂದು ವಿಷಯ. ಇವು ಕಂಪನಿಯಿಂದ ಶೋರೂಮಿಗೆ ಹೊರಟ ಕಾರುಗಳ ಸಂಖ್ಯೆ, ನಮ್ಮಂಥವರು ಕೊಂಡು ಮನೆಗೆ ತಂದ ಕಾರುಗಳದ್ದಲ್ಲ. ಒಂದು ತಿಂಗಳು ಶೋರೂಮುಗಳಿಗೆ ಹೆಚ್ಚು ಕಳುಹಿಸಿದರೆ ಅಂಗಳ ತುಂಬುತ್ತದೆ, ಮುಂದಿನ ತಿಂಗಳು ಕಡಿಮೆ ಹೋಗುತ್ತದೆ. ನಿಜವಾಗಿ ನೋಂದಣಿಯಾದ ಕಾರುಗಳ ಲೆಕ್ಕ ಬೇಕಾದರೆ ಸಾರಿಗೆ ಇಲಾಖೆಯ ವಾಹನ್ ಜಾಲತಾಣವನ್ನು ನೋಡಬೇಕು. ಡೀಲರುಗಳ ಒಕ್ಕೂಟ ಪ್ರತಿ ತಿಂಗಳು ಅದೇ ಆಧಾರದ ಮೇಲೆ ಲೆಕ್ಕ ಪ್ರಕಟಿಸುತ್ತದೆ.

ದೊಡ್ಡಪ್ಪ, 8:30
ಮಕ್ಕಳೇ, ಅಂಕಿಗಳು ಸರಿ, ಆದರೆ ಮೂಲ ಪ್ರಶ್ನೆಯನ್ನು ಯಾರೂ ಕೇಳುತ್ತಿಲ್ಲ. ಇಬ್ಬರೇ ಇರುವ ಮನೆಗೆ ಎತ್ತರದ, ಭಾರದ ಗಾಡಿ ಯಾಕೆ ಬೇಕು? ನಮ್ಮ ಕಾಲದಲ್ಲಿ ಕಾರು ಎಂದರೆ ಮಳೆಯಲ್ಲಿ ನೆನೆಯದೆ ಆಸ್ಪತ್ರೆಗೋ ಮದುವೆಗೋ ಹೋಗುವ ಸಾಧನ. ಈಗ ಅದು ಬೀದಿಗೆ ತೋರಿಸುವ ಅಂತಸ್ತಾಗಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂಬುದನ್ನು ಶ್ರೀಧರನಂಥ ತಿಳಿದವರಿಗೆ ನಾನು ಹೇಳಬೇಕಾಗಿ ಬಂದದ್ದಕ್ಕೆ ಬೇಸರವಿದೆ.

ಸುಜಾತಾ ಅತ್ತೆ, 8:38
ಅಣ್ಣ, ಅಂತಸ್ತಿನ ಮಾತು ಇಲ್ಲಿ ಬರುವುದಿಲ್ಲ. ನನ್ನ ಮಂಡಿಯ ನೋವು ನಿಮಗೆ ಗೊತ್ತಿದೆ. ತಗ್ಗಿನ ಸೀಟಿನಿಂದ ಏಳಲು ಇನ್ನೊಬ್ಬರ ಕೈ ಹಿಡಿಯಬೇಕಾಗುತ್ತದೆ. ಅದಕ್ಕೇ ಇವರು ಎತ್ತರದ ಕಾರನ್ನು ಆರಿಸಿದ್ದು.

ವಿನಯ, 8:52
ದೊಡ್ಡಪ್ಪ ಹೇಳಿದ್ದನ್ನು ಓದಿ ಅಜ್ಜನ ಬಿಳಿ ಮಾರುತಿ 800 ಕಣ್ಣ ಮುಂದೆ ಬಂತು. ಹಿಂದಿನ ಸೀಟಿನಲ್ಲಿ ನಾವು ಐದು ಜನ ಮಕ್ಕಳು, ಮುಂದೆ ಅಜ್ಜಿಯ ಮಡಿಲಲ್ಲಿ ಗಿರೀಶ, ಹುಲಿಕಲ್ ಘಾಟಿ ಇಳಿದು ಕೊಲ್ಲೂರಿಗೆ ಹೋಗುತ್ತಿದ್ದೆವು. ಆಲ್ಟೊ ಬಂದು 800ಅನ್ನು ಹಿಂದಿಕ್ಕಿದಾಗ ಊರಿನಲ್ಲಿ ಎಲ್ಲರೂ ಅಜ್ಜನಿಗೆ ಇದೇ ಮಾತು ಹೇಳಿದ್ದರು, ಈಗಲೇ ಮಾರಿಬಿಡಿ, ನಾಳೆ ಯಾರೂ ಕೇಳುವುದಿಲ್ಲ ಎಂದು. ಅಜ್ಜ ಮಾರಲಿಲ್ಲ.

ಅನಿತಾ, 9:04
ವಿನಯ, ನೀನು ಹೇಳಿದ್ದು ಈ ಚರ್ಚೆಗೆ ನೇರವಾಗಿ ಸಂಬಂಧಿಸಿದ್ದು. ಆಲ್ಟೊ ಮುಂದೆ ಹೋದದ್ದು 2004ರ ಸುಮಾರಿಗೆ, 800ರ ಉತ್ಪಾದನೆ ನಿಂತದ್ದು 2014ರ ಜನವರಿಯಲ್ಲಿ. ಅದೇ ಕಂಪನಿಯ ಇನ್ನೊಂದು ಕಾರು ಹಿಂದಿಕ್ಕಿದ ಮೇಲೂ ಅದು ಸುಮಾರು ಹತ್ತು ವರ್ಷ ತಯಾರಾಯಿತು. ಒಂದು ಮಾದರಿ ಎರಡನೆಯ ಸ್ಥಾನಕ್ಕೆ ಬಂದರೆ ಕಂಪನಿ ಅದನ್ನು ನಿಲ್ಲಿಸುತ್ತದೆ ಎಂಬ ತರ್ಕ ಅಲ್ಲೇ ಬಿದ್ದುಹೋಗುತ್ತದೆ.

ರಮೇಶ ಚಿಕ್ಕಪ್ಪ, 9:15
ಹಾಗಾದರೆ ಮಾರುತಿಯದೇ ಎಸ್-ಕ್ರಾಸ್ ಕಾರು ಏನಾಯಿತು? 2015ರಲ್ಲಿ ಮಾರುತಿ ತನ್ನ ದುಬಾರಿ ಮಾದರಿಗಳ ನೆಕ್ಸಾ ಶೋರೂಮುಗಳನ್ನು ಅದರ ಮೂಲಕವೇ ಆರಂಭಿಸಿದರು, 2022ರಲ್ಲಿ ಗ್ರ್ಯಾಂಡ್ ವಿಟಾರಾ ಬಂದಾಗ ಸದ್ದಿಲ್ಲದೆ ನಿಲ್ಲಿಸಿದರು. ಈ ವರ್ಷ ಅವರ ಸಿಯಾಝ್ ಕಾರು ಕೂಡ ನಿಂತಿತು. ಕಂಪನಿ ಕೈಬಿಡುವುದೇ ಇಲ್ಲ ಎನ್ನುವುದು ನಿನ್ನ ಹಟ, ಅನಿತಾ. ನೀನು ಚಿಕ್ಕವಳಿದ್ದಾಗಿನಿಂದಲೂ ನಾನು ಏನು ಹೇಳಿದರೂ ಅದಕ್ಕೆ ಆಧಾರ ಕೇಳುತ್ತೀಯ.

ಅನಿತಾ, 9:22
ಆಧಾರ ಕೇಳುವುದು ಅಗೌರವವಲ್ಲ ಚಿಕ್ಕಪ್ಪ. ಎಸ್-ಕ್ರಾಸ್ ಉದಾಹರಣೆ ನ್ಯಾಯವಾದದ್ದು, ಅದನ್ನು ಒಪ್ಪುತ್ತೇನೆ. ಆದರೆ ಅದು ಮಾರಾಟದಲ್ಲಿ ಬಹಳ ಹಿಂದೆ ಉಳಿದಿದ್ದ ಕಾರು. ವರ್ಷಕ್ಕೆ ಎರಡು ಲಕ್ಷದ ಹತ್ತಿರ ಹೋಗುವ ಬ್ರೆಝಾವನ್ನು ಅದರ ಪಕ್ಕದಲ್ಲಿ ನಿಲ್ಲಿಸುವುದು ಸರಿಯಲ್ಲ.

ಗಿರೀಶ, 9:41
ಬಿಡದಿಯ ಕಡೆಯಿಂದ ನನ್ನದೊಂದು ಮಾತು. ಆ ಪಟ್ಟಿಯಲ್ಲಿ ಗ್ರ್ಯಾಂಡ್ ವಿಟಾರಾ ಹೆಸರೂ ಇದೆ. ಮಾರುತಿಯ ಹೆಸರಿನಲ್ಲಿ ಮಾರಾಟವಾಗುವ ಆ ಕಾರು 2022ರಿಂದ ತಯಾರಾಗುತ್ತಿರುವುದು ಇಲ್ಲಿಯ ಟೊಯೊಟಾ ಕಾರ್ಖಾನೆಯಲ್ಲಿ, ಅವರದೇ ಹೈರೈಡರ್ ಕಾರಿನ ಜೊತೆಗೆ. ನಾನು ಬಿಡಿಭಾಗ ಪೂರೈಸುವ ಘಟಕದಲ್ಲಿದ್ದೇನೆ. ಕಾರು ತಯಾರಿಸುವ ಲೈನ್ ನಿರ್ವಹಣೆಗೆಂದು ಒಂದು ವಾರ ನಿಂತರೂ ಆ ತಿಂಗಳ ಸಂಖ್ಯೆ ಇಳಿಯುತ್ತದೆ, ಅದನ್ನು ಹೊರಗಿನವರು ಬೇಡಿಕೆ ಬಿದ್ದಿದೆ ಎಂದು ಓದುತ್ತಾರೆ. ದೇಶದೊಳಗಿನ ಪಟ್ಟಿಯಲ್ಲಿ ರಫ್ತು ಸೇರುವುದಿಲ್ಲ ಎಂಬುದನ್ನೂ ಗಮನಿಸಿ. ಮಾರುತಿಯ ಐದು ಬಾಗಿಲಿನ ಜಿಮ್ನಿ ನಮ್ಮಲ್ಲಿ ಅಷ್ಟಾಗಿ ಓಡಲಿಲ್ಲ, ಆದರೆ ಇಲ್ಲಿ ತಯಾರಾದ ಅದೇ ಕಾರಿಗೆ ಈ ಜನವರಿ ಕೊನೆಯಿಂದ ಜಪಾನಿನಲ್ಲಿ ಕೆಲವೇ ದಿನಗಳಲ್ಲಿ ಸುಮಾರು 50,000 ಬುಕಿಂಗ್ ಬಂದು, ಮಾರುತಿಯ ಮಾತೃ ಕಂಪನಿ ಸುಝುಕಿ ಆರ್ಡರ್ ತೆಗೆದುಕೊಳ್ಳುವುದನ್ನೇ ನಿಲ್ಲಿಸಬೇಕಾಯಿತು.

ಶ್ರೀಧರ ಮಾವ, 10:10
ಎಲ್ಲವನ್ನೂ ಓದಿದೆ. ರಮೇಶ, ನಿನ್ನ ಕಾಳಜಿ ನನಗೆ ಅರ್ಥವಾಗುತ್ತದೆ. ಅನಿತಾ, ನನಗೆ ಒಂದೇ ಪ್ರಶ್ನೆಗೆ ಉತ್ತರ ಬೇಕು. ಚಿತ್ರ ಹಳೆಯದು ಎಂಬುದು ಸರಿ. ಆದರೆ ಜನ ನಿಜವಾಗಿಯೂ ಬ್ರೆಝಾದಿಂದ ಫ್ರಾಂಕ್ಸ್ ಕಡೆಗೆ ಸರಿಯುತ್ತಿದ್ದಾರೆಯೇ, ಸರಿಯುತ್ತಿದ್ದರೆ ಯಾಕೆ?

ಅನಿತಾ, 10:48
ಮಾವ, ಬೆಳಿಗ್ಗೆಯಿಂದ ಕೇಳಬೇಕಾಗಿದ್ದ ಪ್ರಶ್ನೆ ಇದೇ. ಸರಿಯಲು ಕಾರಣಗಳಿವೆ. ಅವುಗಳಲ್ಲಿ ದೊಡ್ಡದು ತೆರಿಗೆ. ಎರಡೂ ಕಾರುಗಳ ಉದ್ದ 3,995 ಮಿಲಿಮೀಟರ್, ಅಂದರೆ ನಾಲ್ಕು ಮೀಟರಿನ ಒಳಗೆ. ಆದರೆ ಪೆಟ್ರೋಲ್ ಕಾರಿಗೆ ಕಡಿಮೆ ತೆರಿಗೆ ಬೀಳಬೇಕಾದರೆ ಉದ್ದದ ಜೊತೆಗೆ ಎಂಜಿನ್ ಗಾತ್ರ ಕೂಡ 1,200 ಸಿಸಿ ಒಳಗಿರಬೇಕು. ಫ್ರಾಂಕ್ಸ್‌ನ ಎರಡೂ ಎಂಜಿನ್‌ಗಳು ಆ ಮಿತಿಯೊಳಗಿವೆ. ಬ್ರೆಝಾದ್ದು 1,462 ಸಿಸಿ. ಕಳೆದ ಸೆಪ್ಟೆಂಬರ್ 22ರಂದು ಜಿಎಸ್‌ಟಿ ಬದಲಾದಾಗ ಫ್ರಾಂಕ್ಸ್ ಮೇಲಿನ ತೆರಿಗೆ ಸೆಸ್ (ಹೆಚ್ಚುವರಿ ಕರ) ಸೇರಿ ಶೇ 29ರಿಂದ 18ಕ್ಕೆ ಇಳಿಯಿತು, ಬ್ರೆಝಾ ಮೇಲಿನದು ಶೇ 45ರಿಂದ 40ಕ್ಕೆ ಮಾತ್ರ. ಎರಡರ ನಡುವಿನ ಅಂತರ ಮೊದಲು 16 ಅಂಶಗಳಿದ್ದದ್ದು ಈಗ 22 ಆಗಿದೆ.
ಅದರ ಮೇಲೆ ನಮ್ಮ ರಾಜ್ಯದ ರಸ್ತೆ ತೆರಿಗೆ. 5ರಿಂದ 10 ಲಕ್ಷದವರೆಗಿನ ಕಾರಿಗೆ ಶೇ 14, ಅದು ದಾಟಿ 20 ಲಕ್ಷದವರೆಗೆ ಶೇ 17, ಎರಡರ ಮೇಲೂ ಸೆಸ್. ನೀವು ಆರಿಸಿರುವ ಮೇಲಿನ ದರ್ಜೆಯ ಬ್ರೆಝಾ 10 ಲಕ್ಷ ದಾಟುತ್ತದೆ. ಫ್ರಾಂಕ್ಸ್‌ನಲ್ಲಿ ಬೇಕಾದ ಸೌಲಭ್ಯಗಳು ಅದರೊಳಗೇ ಸಿಗುತ್ತವೆ. ಆದ್ದರಿಂದ ಕೊಳ್ಳುವವರು ಬ್ರೆಝಾವನ್ನು ಬೇಡವೆಂದು ತಳ್ಳುತ್ತಿದ್ದಾರೆ ಎನ್ನುವುದಕ್ಕಿಂತ, ಲೆಕ್ಕ ಹಾಕಿ ಹತ್ತು ಲಕ್ಷದ ಗೆರೆಯ ಈಚೆಗೆ ನಿಲ್ಲುತ್ತಿದ್ದಾರೆ ಎನ್ನುವುದು ಹೆಚ್ಚು ಸರಿ ಎಂದು ನನಗನ್ನಿಸುತ್ತದೆ. ಮೇಲಿನಿಂದಲೂ ಒತ್ತಡವಿದೆ. ಸೆಪ್ಟೆಂಬರಿನಲ್ಲಿ ಬಂದ ಮಾರುತಿಯದೇ ವಿಕ್ಟೋರಿಸ್ ಕಾರು 10.50 ಲಕ್ಷದಿಂದ ಆರಂಭವಾಗುತ್ತದೆ, ಅದನ್ನು ಮಾರುವುದು ಬ್ರೆಝಾ ಇರುವ ಅರೀನಾ ಶೋರೂಮಿನಲ್ಲೇ. ಕೆಳಗಿನ ದರ್ಜೆಯವರು ಫ್ರಾಂಕ್ಸ್‌ಗೆ, ಮೇಲಿನ ದರ್ಜೆಯವರು ವಿಕ್ಟೋರಿಸ್‌ಗೆ ಹೋಗುವ ಸಾಧ್ಯತೆ ಇದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ.

ರಮೇಶ ಚಿಕ್ಕಪ್ಪ, 10:55
ಅಂದರೆ ಕೊನೆಗೆ ನಾನು ಹೇಳಿದ್ದೇ ಸರಿಯಾಯಿತು.

ಅನಿತಾ, 10:58
ಇಲ್ಲ ಚಿಕ್ಕಪ್ಪ. ಮಾರಾಟ ಒಂದೇ ಕಂಪನಿಯ ಮಾದರಿಗಳ ನಡುವೆ ಸರಿದಾಡುವುದು ಬೇರೆ, ಒಂದು ಮಾದರಿಯ ಕಾಲ ಮುಗಿಯುವುದು ಬೇರೆ. ನೀವು ಕಳುಹಿಸಿದ ಚಿತ್ರ ಎರಡನೆಯದನ್ನು ಹೇಳುತ್ತದೆ, ಅದಕ್ಕೆ ಆಧಾರವಿಲ್ಲ.

ದೊಡ್ಡಪ್ಪ, 11:14
ಹಾಗಾದರೆ ಸಣ್ಣ ಕಾರಿಗೆ ತೆರಿಗೆ ಇಳಿಸಿದ್ದು ಒಳ್ಳೆಯದೇ ಆಯಿತಲ್ಲ. ಮಾರುತಿಯ ಅಧ್ಯಕ್ಷರಾದ ಭಾರ್ಗವ ಅವರೂ ಸಣ್ಣ ಕಾರು ಸಾಮಾನ್ಯರ ಕೈಗೆ ಎಟುಕದಂತಾಗಿದೆ ಎಂದು ಹೇಳುತ್ತಲೇ ಬಂದಿದ್ದರು. ನಾನು ಬೆಳಿಗ್ಗೆ ಹೇಳಿದ್ದೂ ಅದೇ.

ಸುಜಾತಾ ಅತ್ತೆ, 11:20
ಎಲ್ಲರೂ ತಾವು ಹೇಳಿದ್ದೇ ಸರಿ ಎನ್ನುತ್ತಿದ್ದೀರಿ. ರಮೇಶ, ನಿನ್ನ ಮಾತು ಕೇಳಿ ನಾವು ಹಿಂದೊಮ್ಮೆ ಒಂದು ವಿದೇಶಿ ಕಾರು ಕೊಂಡೆವು. ಆ ಕಂಪನಿಯ ಹೆಸರು ಈಗ ಬೇಡ. ಅದು ದೇಶ ಬಿಟ್ಟುಹೋದ ಮೇಲೆ ಒಂದು ಕನ್ನಡಿಗಾಗಿ ಇವರು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳನ್ನೆಲ್ಲ ಸುತ್ತಿದರು, ಕೊನೆಗೆ ಕಾರನ್ನು ಬಂದ ಬೆಲೆಗೆ ಕೊಟ್ಟೆವು. ನೀನು ಆಗ ಒಂದು ಮಾತೂ ಆಡಲಿಲ್ಲ.

ರಮೇಶ ಚಿಕ್ಕಪ್ಪ, 11:42
ಅಕ್ಕ, ಅದು ನನ್ನ ಮನಸ್ಸಿನಲ್ಲಿ ಇಲ್ಲವೆಂದು ತಿಳಿಯಬೇಡ. ಇವತ್ತು ಬೆಳಿಗ್ಗೆ ಏಳು ಗಂಟೆಗೂ ಮುಂಚೆ ಆ ಚಿತ್ರವನ್ನು ಓದಿ ಮುಗಿಸದೆಯೇ ಕಳುಹಿಸಿದ್ದು ಆ ಕಾರಣಕ್ಕೇ. ಭಾವ ಎರಡನೆಯ ಬಾರಿ ನಷ್ಟಕ್ಕೆ ಸಿಲುಕಬಾರದು ಎನ್ನುವುದು ಬಿಟ್ಟರೆ ನನಗೆ ಬೇರೆ ಯಾವ ಉದ್ದೇಶವೂ ಇರಲಿಲ್ಲ.

ಗಿರೀಶ, 11:50
ಅತ್ತೆ, ಆ ಕಂಪನಿ ದೇಶವನ್ನೇ ಬಿಟ್ಟುಹೋಯಿತು, ಅದಕ್ಕೇ ಬಿಡಿಭಾಗ ಸಿಗಲಿಲ್ಲ. ಇಲ್ಲಿ ಮಾತಾಡುತ್ತಿರುವುದು ಒಂದೇ ಕಂಪನಿಯ ಎರಡು ಮಾದರಿಗಳ ಬಗ್ಗೆ. ಬ್ರೆಝಾದ 1.5 ಲೀಟರ್ ಪೆಟ್ರೋಲ್ ಎಂಜಿನ್ ಮಾರುತಿಯ ಎರ್ಟಿಗಾದಲ್ಲೂ ಇದೆ, ಎಕ್ಸ್‌ಎಲ್6ರಲ್ಲೂ ಇದೆ. ಬಿಡಿಭಾಗದ ಚಿಂತೆಯನ್ನು ನಮ್ಮ ಕಸುಬಿನವರು ಯಾರೂ ಮಾಡುವುದಿಲ್ಲ.

ಶ್ರೀಧರ ಮಾವ, 12:25
ಈ ಚರ್ಚೆಯಿಂದ ನನಗೆ ಬೇಕಾದದ್ದು ಸಿಕ್ಕಿದೆ. ಬುಕಿಂಗ್ ರದ್ದು ಮಾಡುವುದಿಲ್ಲ, ಆದರೆ ಮುಂದಿನ ಭಾನುವಾರ ಫ್ರಾಂಕ್ಸ್ ಮಾರುವ ನೆಕ್ಸಾ ಶೋರೂಮಿಗೆ ಹೋಗಿ ಅದರಲ್ಲಿ ಸುಜಾತಾಳನ್ನು ಕೂರಿಸಿ ಇಳಿಸಿ ನೋಡುತ್ತೇನೆ. ಬ್ರೆಝಾ 1,685 ಮಿಲಿಮೀಟರ್ ಎತ್ತರ, ಫ್ರಾಂಕ್ಸ್ 1,550. ಆ ಅಂತರ ಅವಳ ಮಂಡಿಗೆ ಎಷ್ಟು ಮುಖ್ಯ ಎಂಬುದನ್ನು ಯಾವ ಪಟ್ಟಿಯೂ ಹೇಳಲಾರದು. ಅವಳಿಗೆ ಕಷ್ಟವಾಗದಿದ್ದರೆ ಉಳಿಯುವ ತೆರಿಗೆಯ ಹಣವನ್ನು ಯೋಚಿಸಬಹುದು, ಕಷ್ಟವಾದರೆ ಬ್ರೆಝಾ ಖಚಿತ. ರಮೇಶ, ನೀನೂ ಜೊತೆಗೆ ಬಾ.

ರಮೇಶ ಚಿಕ್ಕಪ್ಪ, 12:31
ಬರುತ್ತೇನೆ ಭಾವ. ಹತ್ತು ಗಂಟೆಗೆ ನಿಮ್ಮ ಮನೆಯಲ್ಲಿರುತ್ತೇನೆ.

ಅನಿತಾ, 12:40
ಮಾವ, ಯಾವ ಕಾರಾದರೂ ಸರಿ, ಡಿಸೆಂಬರ್ ಕೊನೆಯಲ್ಲಿ ಕೊಡುತ್ತೇವೆ ಎಂದರೆ ತಯಾರಾದ ತಿಂಗಳು ಯಾವುದು ಎಂದು ಬರಹದಲ್ಲಿ ಕೇಳಿ. ಕೆಲವೇ ದಿನಗಳಲ್ಲಿ ಅದು ಹಿಂದಿನ ವರ್ಷದ ಕಾರಾಗುತ್ತದೆ, ಮಾರುವಾಗ ಎಲ್ಲರೂ ಮೊದಲು ನೋಡುವುದು ಆ ವರ್ಷವನ್ನೇ. ಆ ತಿಂಗಳು ರಿಯಾಯಿತಿ ಹೆಚ್ಚು ಸಿಗುವುದೂ ಅದೇ ಕಾರಣಕ್ಕೆ.

ಶ್ರೀಧರ ಮಾವ, 12:52
ಶೋರೂಮಿನವರು ಡಿಸೆಂಬರ್ ಮೂರನೆಯ ವಾರ ಎಂದಿದ್ದಾರೆ. ರಿಯಾಯಿತಿ ಎಷ್ಟು ಎಂದು ಕೇಳುತ್ತೇನೆ. ಸಾಲದು ಎನಿಸಿದರೆ ಜನವರಿಯಲ್ಲಿ ತಯಾರಾದದ್ದೇ ಬೇಕು ಎಂದು ಬರೆಸಿಕೊಂಡು ಬರುತ್ತೇನೆ.